ಕೋಡಿಗೆ ಕಾಂಕ್ರೀಟ್ ಬೀಳುವ ಮುನ್ನ

ಜೀಪು ನನ್ನ ಸ್ಕೂಟರಿಗೆ ಮೂರನೇ ಸಲ ಗುದ್ದಿತು.

ಈ ಸಲ ಬಿದ್ದೆ. ಮೊಣಕೈಯ ಚರ್ಮ ಕಿತ್ತುಹೋಯಿತು. ಬ್ಯಾಗು ಮಾತ್ರ ಬಿಡಲಿಲ್ಲ... ಕೆಲಸ ನಿಲ್ಲಿಸುವ ಆದೇಶ ಅದರಲ್ಲಿತ್ತು.

ಜೀಪಿನಲ್ಲಿ ಕಂಟ್ರಾಕ್ಟರನ ಇಬ್ಬರು ದಾಂಡಿಗರು. ಅವರ ನಡುವೆ ನಮ್ಮ ಆಫೀಸಿನ ಜವಾನ. ಅವನ ಕೈಯಲ್ಲಿ ನನ್ನ ವರ್ಗಾವಣೆಯ ಲಕೋಟೆ. ಬೆಳಗ್ಗೆಯಿಂದ ಅದನ್ನು ತಪ್ಪಿಸಿಕೊಂಡೇ ಓಡಾಡುತ್ತಿದ್ದೆ.

ಕೇಳಿ. ಪರವಾನಗಿಯಿಲ್ಲದೆ ಪರಿಸರ ಹಾಳುಮಾಡುವ ಕಾಮಗಾರಿಯನ್ನು ನಿಲ್ಲಿಸುವ ಅಧಿಕಾರ ನನಗಿದೆ. ಆ ಲಕೋಟೆ ಪಡೆದು ಸಹಿ ಹಾಕುವವರೆಗೆ ಮಾತ್ರ. ಆದೇಶವನ್ನು ಸೈಟಿನ ಇನ್‌ಚಾರ್ಜ್ ಕೈಗೇ ಕೊಡಬೇಕು, ಸಾಕ್ಷಿಯ ಎದುರು. ಅಷ್ಟರಲ್ಲಿ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಕೋಡಿಗೆ ಕಾಂಕ್ರೀಟ್ ಸುರಿದರೆ ಕತೆ ಮುಗಿಯಿತು. ಮುಗಿದ ಕೆಲಸವನ್ನು ನಿಲ್ಲಿಸುವುದು ಹೇಗೆ? ಒಂದೇ ಜಡಿಮಳೆಗೆ ದಂಡೆಯ ಮುನ್ನೂರು ಮನೆಗಳಿಗೆ ನೀರು ನುಗ್ಗುತ್ತದೆ. ಅದರಲ್ಲೊಂದು ನನ್ನ ಅಕ್ಕನದು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಎದ್ದು ಓಡಲಾರಳು.

ನಾನು ಓಡಿದೆ.

"ಮೇಡಂ, ನಿಂತ್ಕೊಳ್ಳಿ..." ಜವಾನ ಹಿಂದಿನಿಂದ ಕೂಗಿದ. ಹನ್ನೆರಡು ವರ್ಷ ನನ್ನ ಫೈಲು ಹೊತ್ತವನು.

ತಗಡಿನ ಬೇಲಿಯ ಸಂದಿಯಲ್ಲಿ ನುಸುಳಿದೆ. ಒಳಗೆ ಕಾಂಕ್ರೀಟ್ ಲಾರಿ ಗುರುಗುಡುತ್ತಿತ್ತು.

"ಇಲ್ಲಿ ಇನ್‌ಚಾರ್ಜ್ ಯಾರು?"

"ಯಾರೂ ಇಲ್ಲ," ಎಂದ ಹಳದಿ ಹೆಲ್ಮೆಟ್ಟಿನವನು.

"ನೀವು?"

"ನಾನು ಸುಮ್ನೆ ನೋಡೋಕ್ ಬಂದೋನು."

ನನ್ನ ಕಿವಿಗೇ ಹೂವಿಡಲು ನೋಡುತ್ತಾನೆ!

"ಸರಿ ಬಿಡಿ," ಎಂದು ಲಾರಿಯ ಹಿಂದೆ ಸರಿದು ಕಾದೆ. ಮಾಲಿನ ಚೀಟಿಗೆ ಸೈಟಿನವರ ಸಹಿ ಬೀಳದೆ ಲಾರಿಯವರು ಒಂದು ಬಾಂಡ್ಲಿ ಮಾಲನ್ನೂ ಇಳಿಸುವುದಿಲ್ಲ.

"ಸಾರ್, ಬೇಗ ಸೈನ್ ಹಾಕಿ. ಮಾಲು ಗಟ್ಟಿಯಾಗುತ್ತೆ," ಡ್ರೈವರ್ ಗೊಣಗಿದ.

ಹೆಲ್ಮೆಟ್ಟಿನವನು ಸಹಿ ಹಾಕಿದ. ಕೆಳಗೆ ಸ್ಟಾಂಪನ್ನೂ ಒತ್ತಿದ. 'ಸೈಟ್ ಇನ್‌ಚಾರ್ಜ್.'

ಚೀಟಿ ಕಸಿದುಕೊಂಡೆ. ಆದೇಶವನ್ನು ಅವನ ಕೈಗೆ ತುರುಕಿದೆ.

"ತಗೊಳ್ಳಿ, ಇನ್‌ಚಾರ್ಜ್ ಸಾಹೇಬ್ರೇ. ಕೆಲಸ ನಿಲ್ಸಿ."

ಅವನ ಮುಖ ಬಿಳಿಚಿತು. ಆಮೇಲೆ ನಕ್ಕ. "ಸಾಕ್ಷಿ ಯಾರಮ್ಮಾ?"

ಡ್ರೈವರನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ. "ಹೊಟ್ಟೆಪಾಡು, ಅಮ್ಮಾ..."

ಅಷ್ಟರಲ್ಲಿ ದಾಂಡಿಗರು ಬಂದು ನನ್ನ ತೋಳು ತಿರುಚಿದರು. ಹಿಂದೆಯೇ ಏದುಸಿರು ಬಿಡುತ್ತಾ ಜವಾನ. ಅಕ್ಕನ ಮಂಚ ಕಣ್ಣೆದುರು ಬಂತು. ಸೋತೆ ಅಂದುಕೊಂಡೆ.

"ಕೊಡೋ ಲೆಟರು," ದಾಂಡಿಗನೊಬ್ಬ ಗದರಿಸಿದ.

ಜವಾನ ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಜೇಬಿನಿಂದ ಪೆನ್ನು ತೆಗೆದ.

"ಮೊದ್ಲು ಮೇಡಂ ಕಾಗದ. ಸಾಕ್ಷಿ ಸಹಿ ಎಲ್ಲಿ ಹಾಕ್ಬೇಕು?"

"ನಿನ್ನ ಕೆಲಸ ಹೋಗುತ್ತೆ ಕಣಪ್ಪಾ..." ಎಂದೆ.

"ಹನ್ನೆರಡು ವರ್ಷ ನಿಮ್ಮ ಬೈಗುಳ ತಿಂದಿದ್ದೀನಿ, ಮೇಡಂ. ಇದೇನು ಮಹಾ."

ನನ್ನ ಬ್ಯಾಗಿನಿಂದ ಆದೇಶದ ಪ್ರತಿ ತೆಗೆದು ಸಹಿ ಹಾಕಿದ. ಟೈಮ್ ಬರೆದ, ಮೂರು ಐವತ್ತೆರಡು. ಫೋನಿನಲ್ಲಿ ಫೋಟೋ ತೆಗೆದು ಆಫೀಸಿಗೂ ಕಳಿಸಿದ. ನನ್ನ ಕಣ್ಣು ತುಂಬಿಬಂತು, ಸುಳ್ಳು ಯಾಕೆ ಹೇಳಲಿ.

"ಲಾರಿ ಸೀಜ್ ಆದ್ರೆ ಓನರ್ ನನ್ನ ಸುಮ್ನೆ ಬಿಡ್ತಾನಾ?" ಎನ್ನುತ್ತಾ ಡ್ರೈವರ್ ರಿವರ್ಸ್ ತೆಗೆದ. ದಾಂಡಿಗರ ಹಿಡಿತ ಸಡಿಲಾಯಿತು.

ಮೂರು ಐವತ್ತಮೂರಕ್ಕೆ ಲಕೋಟೆ ನನ್ನ ಕೈಗೆ ಬಂತು.

"ಎಲ್ಲಿಗೆ ಎತ್ತಂಗಡಿ?"

"ರೆಕಾರ್ಡ್ ರೂಮಿಗೆ, ಮೇಡಂ."

ಹೆಲ್ಮೆಟ್ಟಿನವನು ಕಿಸಕ್ಕನೆ ನಕ್ಕ.

"ಒಳ್ಳೇದಾಯ್ತು," ಎಂದೆ, ಸಹಿ ಹಾಕುತ್ತಾ. "ಈ ಫೈಲು ಕಳೆದುಹೋಗದ ಹಾಗೆ ನೋಡ್ಕೊಳ್ಳೋಕೆ ಅಲ್ಲಿ ಒಬ್ರು ಬೇಕಾಗಿತ್ತು."