ಗೆರೆ ಸರಿಸಿದವನು

ನಾಲ್ಕು ಮೈಲಿ ಹೆಚ್ಚಾಯಿತೇ? ಮೂರೇ ಸಾಕಿತ್ತೇನೋ. ಅಣ್ಣನ ದೋಣಿಯ ಜಿಪಿಎಸ್ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ತಮ್ಮನ ಬೆರಳು ಗುಂಡಿಯ ಮೇಲೆ ತಡೆಯಿತು. ಮೀನುಗಾರರ ಸಂಘದ ಸಭೆ ನೆನಪಾಯಿತು.

"ನಮ್ಮ ಹುಡುಗನಿಗೆ ಮೀನು ಕಾಣುತ್ತೆ, ಗೆರೆ ಕಾಣಲ್ಲ," ಎಂದಿದ್ದ ಅಣ್ಣ. ಕಳೆದ ವರ್ಷ ತಮ್ಮ ಗಡಿ ದಾಟಿ, ಇನ್ನೇನು ಸಿಕ್ಕಿಬೀಳುವುದರಲ್ಲಿದ್ದವನು ಸ್ವಲ್ಪದರಲ್ಲಿ ಪಾರಾಗಿದ್ದ. ಸಭೆಗೆ ಸಭೆಯೇ ನಕ್ಕಿತ್ತು. ನಲವತ್ತು ದಾಟಿದ ಹುಡುಗ!

ಗುಂಡಿ ಒತ್ತಿದ. ಪರದೆಯ ಮೇಲಿನ ಗಡಿಗೆರೆ ನೆರೆದೇಶದ ಕಡಲೊಳಕ್ಕೆ ಜಾರಿತು.

ಕಡಲ ಗಡಿಯ ವ್ಯಾಜ್ಯ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿತ್ತು. ತೀರ್ಪು ಬರುವ ತನಕ ಎರಡೂ ದೇಶ ತಾತ್ಕಾಲಿಕ ಗೆರೆಯೊಂದಕ್ಕೆ ಒಪ್ಪಿದ್ದವು. ಅದರಾಚೆ ಅಣ್ಣ ಬಲೆ ಬೀಸಿದರೆ ಅವರ ಕಾವಲು ಹಡಗು ಹಿಡಿಯುತ್ತದೆ. ಹಿಡಿದರೂ ದೊಡ್ಡ ಗಂಡಾಂತರವೇನಿಲ್ಲ. ಠೇವಣಿ ಕಟ್ಟಿಸಿಕೊಂಡು ದೋಣಿಯನ್ನು ಬೇಗ ಬಿಡಬೇಕು, ಬರಿಯ ಮೀನಿಗಾಗಿ ಜೈಲಿಗೆ ಹಾಕುವಂತಿಲ್ಲ ಎಂದು ಸಂಘದ ವಕೀಲರು ಹೇಳಿದ್ದರು. ನಾಲ್ಕು ದಿನದ ಅವಮಾನ, ಅಷ್ಟೇ. ಯಾರಾದರೂ ಕೇಳಿದರೆ ಪೆಟ್ಟಿಗೆ ಹಳೆಯದು, ಕೆಟ್ಟಿತು ಎಂದರಾಯಿತು. ಎರಡೂ ದೋಣಿಗಳ ಪೆಟ್ಟಿಗೆಗೆ ಗೆರೆ ತುಂಬುವುದು ಮೊದಲಿನಿಂದಲೂ ತಮ್ಮನ ಕೆಲಸ. ಅಣ್ಣ ಕಣ್ಣುಮುಚ್ಚಿ ನಂಬುತ್ತಿದ್ದ. ಆ ನಂಬಿಕೆ ಮಾತ್ರ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಮರುದಿನ ಬೆಳಿಗ್ಗೆ ಮಂಜಿನಲ್ಲಿ ದಡ ಕಾಣಲಿಲ್ಲ. ಅಣ್ಣ ಸಿಕ್ಕಿಬೀಳುವುದನ್ನು ಕಣ್ಣಾರೆ ನೋಡಬೇಕೆಂದು ತಮ್ಮ ತನ್ನ ದೋಣಿಯಲ್ಲಿ ಹಿಂದೆಯೇ ಹೋದ. ತನ್ನ ಪೆಟ್ಟಿಗೆ ತೋರಿಸುವ ಗೆರೆಗೆ ಒಂದು ಮೈಲಿ ಈಚೆಗೇ ಎಚ್ಚರದಿಂದ ನಿಂತ. ಮಂಜು ಹರಿದಾಗ ನೋಡಿದರೆ ಅಣ್ಣನ ದೋಣಿಯೂ ಪಕ್ಕದಲ್ಲೇ! ಇನ್ನೂ ದಾಟಿಲ್ಲ. ಅವನಿಗೆ ನಿರಾಸೆಯಾಗಬೇಕಿತ್ತು. ಆದರೆ ಎದೆ ಹಗುರಾಯಿತು. ಸದ್ಯ, ವಾಪಸ್ ಕರೆದುಕೊಂಡು ಹೋಗೋಣ, ಗೆರೆ ಸರಿಮಾಡಿಬಿಡೋಣ ಎಂದುಕೊಂಡ.

ಅಷ್ಟರಲ್ಲಿ ನೆರೆದೇಶದ ಬೂದುಬಣ್ಣದ ಹಡಗು ಬಂತು.

"ಇದು ನಮ್ಮ ನೀರು ಸ್ವಾಮಿ! ನೀವೇ ಗಡಿ ದಾಟಿದ್ದೀರಿ!" ಎಂದು ತಮ್ಮ ಗಂಟಲು ಹರಿಯುವಂತೆ ಕೂಗಿದ. ಅಧಿಕಾರಿ ನಕ್ಕು ತನ್ನ ಪರದೆಯನ್ನು ಅವನತ್ತ ತಿರುಗಿಸಿದ. ಇಬ್ಬರೂ ಗೆರೆಯಿಂದ ಮೂರು ಮೈಲಿ ಆಚೆಗಿದ್ದರು.

ಪರದೇಶದ ಬಂದರುಕಟ್ಟೆಯ ಬೆಂಚಿನ ಮೇಲೆ ಅಣ್ಣ ಅವನ ಬೆನ್ನು ಸವರಿದ. "ತಪ್ಪು ನಂದು ಕಣೋ. ಹಾಗಂತ ಅವರಿಗೆ ಬರೆದುಕೊಟ್ಟೂ ಆಯ್ತು. ನಿನ್ನೆ ಸಂಜೆ ನನ್ನ ಪೆಟ್ಟಿಗೇಲಿ ಗೆರೆ ಮುಂದೆ ಹೋಗಿತ್ತು. ಕೋರ್ಟಲ್ಲಿ ಗೆದ್ದುಬಿಟ್ವಿ, ನೀನು ನನಗೆ ಮೊದಲು ಹಾಕಿಕೊಟ್ಟು ನಿನ್ನದನ್ನೇ ಮರೆತಿದ್ದೀಯ ಅಂದ್ಕೊಂಡೆ. ಮೀನಿನ ಜಾಗ ಸಿಕ್ಕಿದ್ರೆ ಪೆಟ್ಟಿಗೆಯಿಂದ ಮೆಮೊರಿ ಕಾರ್ಡಿಗೆ ಇಳಿಸಿ ಒಬ್ಬರಿಗೊಬ್ಬರು ಕೊಡ್ತೀವಲ್ಲ, ಹಾಗೇ ನಾನೇ ನಿನ್ನ ಪೆಟ್ಟಿಗೆಗೂ ಹಾಕ್ದೆ. ತೀರ್ಪು ಇವರಿಗಿನ್ನೂ ತಲುಪಿಲ್ಲ ಅನ್ಸುತ್ತೆ." ಗೆರೆ ಸರಿಸಿದ್ದು ಕೋರ್ಟಲ್ಲ, ತಾನು ಎಂದು ತಮ್ಮ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.