ಅಲುಗದ ಬಾಣ

ಪರದೆಯ ಮೇಲಿನ ಬಾಣ ಅಲುಗಲಿಲ್ಲ. ಗುರುಚರಣ ಮೌಸನ್ನು ಎಡಕ್ಕೆಳೆದ, ಬಲಕ್ಕೆಳೆದ—ಊಹೂಂ. ಶನಿವಾರ ಚುರುಕಾಗಿ ಓಡಾಡಿದ್ದ ಬಾಣ ಸೋಮವಾರ ಬೆಳಿಗ್ಗೆ ಸತ್ತು ಬಿದ್ದಿತ್ತು.

"ಬೇಕಂತಲೇ ಕೆಡಿಸಿದಾರೆ ಸಾರ್," ಎಂದಳು ರಂಜನಿ. ತ್ರಿಪ್ಲಿಕೇನಿನ ಆ ನರ್ಸಿಂಗ್ ಹೋಮಿನ ಆಡಳಿತ ಅವಳದು. "ಇವತ್ತೇ ನೀವು ಮಾಡೋ ಪರೀಕ್ಷೆ. ಕಂಪ್ಯೂಟರ್ ಬಾರದವರು ವಾರ್ಡ್ ಬಿಟ್ಟು ಬಟ್ಟೆ ಮಡಿಸೋ ಕೋಣೆಗೆ ಹೋಗ್ಬೇಕು. ಪರೀಕ್ಷೆ ಯಾರಿಗೆ ಬೇಡವಾಗಿತ್ತು ಹೇಳಿ?"

ಪೆರುಂಗುಡಿಯಿಂದ ಕಂಪ್ಯೂಟರ್ ಕಲಿಸಲು ಬರುತ್ತಿದ್ದ ಗುರುಚರಣನಿಗೆ ಇಬ್ಬರು ನೆನಪಾದರು. ಸಾಯೋವರೆಗೂ ಪೆನ್ನಲ್ಲೇ ಬರೀತೀನಿ ಎಂದು ಗುಡುಗಿದ್ದ ಮೂಳೆ ಡಾಕ್ಟರ್ ಪ್ರಮೋದ. ಮತ್ತು ಹಿರಿಯ ನರ್ಸ್ ಅಂಬುಜಮ್ಮ—ಹಸುಗೂಸಿನ ನರಕ್ಕೂ ಒಂದೇ ಸಲಕ್ಕೆ ಸೂಜಿ ಹಾಕುವ ಕೈ, ಮೌಸ್ ಮುಟ್ಟಿದರೆ ಗಡಗಡ. ಈಗಲೂ ಬಾಗಿಲ ಬಳಿ ಸೆರಗು ಹಿಂಡುತ್ತ ನಿಂತಿದ್ದರು.

ಅವನು ಮೌಸನ್ನು ಮಗುಚಿ ಮುಚ್ಚಳ ತೆಗೆದ. ಒಳಗಿನ ಗುಂಡು ಉರುಳಿ ಬಂತು. ಜತೆಗೆ ಬಿಳಿ ಪುಡಿ.

"ಪ್ಲಾಸ್ಟರ್! ಪ್ರಮೋದ್ ಡಾಕ್ಟರದೇ ಕೆಲಸ!" ಎಂದಳು ರಂಜನಿ.

"ಅವಸರ ಬೇಡ." ಪುಡಿಗೆ ನೀರು ಹನಿಸಿದ. ಕಾಫಿ ಕುಡಿದು ಮುಗಿಸಿದರೂ ಅದು ಗಟ್ಟಿಯಾಗಲಿಲ್ಲ. ಬೆರಳಿಗೆ ತುಸು ಗುಲಾಬಿ ಬಣ್ಣ ಹತ್ತಿತು. "ಪ್ಲಾಸ್ಟರ್ ಆಗಿದ್ರೆ ಗಟ್ಟಿಯಾಗ್ತಿತ್ತು. ಇದು ರಂಗೋಲಿ ಪುಡಿ. ಈಗ ಮೌಸಿನ ಹೊರಮೈ ಮೂಸಿ ನೋಡಿ."

"ಅಡಡಾ—ಸ್ಪಿರಿಟ್!"

"ಕೆಡಿಸೋರು ಯಾರಾದ್ರೂ ಒರೆಸಿಡ್ತಾರಾ? ಮನೆಗೆ ಒಯ್ದಿದ್ದನ್ನ ಸ್ಪಿರಿಟ್ ಹಚ್ಚಿ ಒರೆಸದೆ ವಾಪಸ್ ಇಡೋಕೆ ಮನಸ್ಸು ಬಾರದವರು—ನರ್ಸ್. ಒಳಗೊಂದು ಗುಂಡಿದೆ, ಪುಡಿ ಅಲ್ಲಿಗೂ ಹೋಗತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೆ." ಅವನ ದನಿ ಮೆತ್ತಗಾಯಿತು. "ಮನೇಲಿ ಪರದೆ ಇಲ್ಲ. ಮೌಸ್ ಎತ್ತ ಹೋಯ್ತು ಅಂತ ತಿಳಿಯೋದು ಹೇಗೆ? ಮಣೆ ಮೇಲೆ ರಂಗೋಲಿ ಹರಡಿದ್ರೆ ಜಾಡು ಕಾಣತ್ತೆ. ಅಲ್ವಾ, ಅಂಬುಜಮ್ಮ?"

ಅಂಬುಜಮ್ಮನ ಕಣ್ಣು ತುಂಬಿತು. "ತಪ್ಪಾಯ್ತಪ್ಪಾ. ಇಲ್ಲಿ ಕೈ ನಡುಗಿದ್ರೆ ಹುಡುಗೀರು ಕಿಸಕ್ ಅಂತಾರೆ. ಮನೇಲಿ ನಗೋರಿಲ್ಲ ನೋಡು, ಭಾನುವಾರ ಪೂರಾ ಆಡಿಸಿದೆ. ಬಟ್ಟೆ ಕೋಣೇಲಿ ನಾನೇನ್ ಮಾಡ್ಲಿ ಹೇಳು? ಅಲ್ಲಿ ಅಳೋ ಮಕ್ಳೇ ಇರಲ್ಲ."

ರಂಜನಿ ಮುಖ ತಗ್ಗಿಸಿದಳು. ಕಿಸಕ್ಕೆಂದವರಲ್ಲಿ ಅವಳೂ ಇದ್ದಳು.

ಅಂಬುಜಮ್ಮನೇ ಸ್ಪಿರಿಟ್ ಹತ್ತಿ ತಂದುಕೊಟ್ಟರು. ಗುರುಚರಣ ಒಳಗೆಲ್ಲ ಒರೆಸಿ ಗುಂಡು ಕೂಡಿಸಿದ. "ಕೂತ್ಕೊಳಿ. ಮಕ್ಕಳ ವಾರ್ಡಿನ ವೀಕ್ಷಾ ಇದಾಳಲ್ಲ, ಅವಳ ಕೇಸ್ ಪುಟ ತೆಗೀರಿ."

ಬಾಣ ನಡುಗಿತು. ಅಡ್ಡಾದಿಡ್ಡಿ ಅಲೆಯಿತು. ಆಮೇಲೆ, ಚುಕ್ಕಿಯನ್ನು ಬಳಸುವ ಗೆರೆಯ ಹಾಗೆ ಬಳುಕಿ, ಆ ಹೆಸರಿನ ಮೇಲೆ ಬಂದು ನಿಂತಿತು. ಕ್ಲಿಕ್.

ಯಾರೂ ನಗಲಿಲ್ಲ. ಅಂಬುಜಮ್ಮ ಪರೀಕ್ಷೆಯನ್ನೇ ಮರೆತು ಪರದೆಯತ್ತ ಬಾಗಿದರು.

"ಜ್ವರ ಇಳಿದಿದೆಯಲ್ಲೇ, ಕಣ್ಣಾ," ಎಂದರು, ಪರದೆಗೇ.