ಎಂಟನೇ ಸೈಜಿನ ಶೂ

ಸೋಮವಾರ ಬೆಳಿಗ್ಗೆ 9.20ಕ್ಕೆ ಆ ಹೆಂಗಸು ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್ ಮೇಡಂ ಇನ್ನೂ ಟೋಪಿ ತೆಗೆದಿಟ್ಟಿರಲಿಲ್ಲ. ಹೆಂಗಸು ಬಟ್ಟೆ ಚೀಲದಿಂದ ಬೆಟ್ಟ ಹತ್ತುವ ಶೂ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಬಲಗಾಲಿನದು. ಅಟ್ಟೆ ಮುಂಭಾಗದಲ್ಲಿ ಪೂರ್ತಿ ಕಿತ್ತು ಹಿಮ್ಮಡಿಯ ಕಡೆ ಮಾತ್ರ ಅಂಟಿಕೊಂಡಿತ್ತು.

"ನನ್ನ ಚಿಕ್ಕ ಮಗನದ್ದು. ಶನಿವಾರ ಟ್ರೆಕ್ಕಿಂಗ್‌ನಲ್ಲಿ ಬಂಡೆಯಿಂದ ಬಿದ್ದ. ಸೊಂಟದ ಮೂಳೆ ಮುರಿದಿದೆ. ಎಲ್ಲರೂ ಜಾರಿಬಿದ್ದ ಅಂತಾರೆ."

"ನೀವೇನಂತೀರಿ?"

"ನಂದು ಟೈಲರಿಂಗ್ ಅಂಗಡಿ ಮೇಡಂ. ಮೂವತ್ತು ವರ್ಷ ಆಯ್ತು. ಸವೆದು ಹರಿದ ದಾರ ಯಾವುದು, ಕತ್ತರಿಸಿದ ದಾರ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳ್ತೀನಿ. ಇದನ್ನ ಯಾರೋ ಕತ್ತರಿಸಿದ್ದಾರೆ."

"ಯಾರ ಮೇಲಾದರೂ ಅನುಮಾನ?"

"ಅವರ ತಂಡದಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದಾನೆ. ಈ ಸಲ ಲೀಡರ್ ಆಗಬೇಕು ಅಂತಿದ್ದ. ಆಗಿದ್ದು ನನ್ನ ಮಗ. ಅವತ್ತೇ ಹೊಟ್ಟೆ ಉರ್ಕೊಂಡು ಜಗಳ ಆಡಿದ್ದ."

10.05ಕ್ಕೆ ಎಫ್‌ಐಆರ್ ದಾಖಲಾಯಿತು. ತಾಯಿ ಆಸ್ಪತ್ರೆಗೆ ಹೊರಟ ಮೇಲೆ, ಎದುರಿನ ರಸ್ತೆಯಲ್ಲಿ ಶೂ ರಿಪೇರಿ ಮಾಡುವ ಮುದುಕನನ್ನೂ ಪಕ್ಕದ ಔಷಧಿ ಅಂಗಡಿಯವನನ್ನೂ ಪಂಚರಾಗಿ ಕರೆಸಿ ಶೂ ಪಂಚನಾಮೆ ಮಾಡಲಾಯಿತು. ಮುದುಕ ಕನ್ನಡಕ ಹಣೆಗೇರಿಸಿ ಅಟ್ಟೆಯನ್ನು ಮೂಗಿನ ಹತ್ತಿರ ಹಿಡಿದ.

"ಎರಡು ಹೊಲಿಗೆ ಬಿಟ್ಟು ಒಂದನ್ನ ಕತ್ತರಿಸಿದ್ದಾರೆ. ಗುರುತು ಕಾಣದ ಹಾಗೆ ಮೇಣ ತುಂಬಿ ಪಾಲಿಶ್ ತಿಕ್ಕಿದ್ದಾರೆ. ಗಂಟೆಗಟ್ಟಲೆ ಕೂತು ಮಾಡಿರೋ ಕೆಲಸ."

"ಬ್ಲೇಡಾ?"

"ಅಲ್ಲ. ಬ್ಲೇಡಾದರೆ ಚರ್ಮಕ್ಕೆ ಗೀರು ಬೀಳುತ್ತೆ. ಇದು ಹೊಲಿಗೆ ಬಿಚ್ಚೋ ಕೊಕ್ಕೆ. ದರ್ಜಿಗಳ ಹತ್ರ ಇರುತ್ತಲ್ಲ, ಅದು."

ಇನ್ಸ್‌ಪೆಕ್ಟರ್ ದಫೇದಾರನ ಮುಖ ನೋಡಿದಳು. ದಫೇದಾರ ಬರೆದುಕೊಂಡ.

ಮಂಗಳವಾರ ಸ್ಥಳ ಪಂಚನಾಮೆ. ಬೆಟ್ಟದ ಬುಡದಿಂದ ಬಂಡೆಗೆ ಮೂರು ಗಂಟೆಯ ಏರು. ದಫೇದಾರ ಹತ್ತು ಹೆಜ್ಜೆಗೊಮ್ಮೆ ನಿಂತು, "ಮೇಡಂ, ಇಷ್ಟು ಕಷ್ಟಪಟ್ಟು ಬಂದು ಬೀಳೋ ಬದಲು ಮನೆ ಮೆಟ್ಟಿಲ ಮೇಲೇ ಬೀಳಬಹುದಿತ್ತು" ಎಂದ. ಬಂಡೆ ಓರೆಯಾಗಿತ್ತು, ನೀರು ಹರಿದು ನುಣುಪಾಗಿತ್ತು. ಬಿದ್ದ ಆಳ ಮೂವತ್ತೆಂಟು ಅಡಿ. ದಾರಿ ತೋರಿಸಲು ಬಂದಿದ್ದ ಫೋಟೋಗ್ರಾಫರ್‌ನನ್ನು ಇನ್ಸ್‌ಪೆಕ್ಟರ್ ಅಲ್ಲೇ ಕೂರಿಸಿಕೊಂಡು ವಿಚಾರಿಸಿದಳು.

"ಲೀಡರ್ ಆಗಲಿಲ್ಲ ಅಂತ ಜಗಳ ಆಡಿದ್ರಂತೆ?"

"ಹೌದು. ನಂಗೆ ಹೊಟ್ಟೆಕಿಚ್ಚಿತ್ತು. ಬಾಯಿಗೆ ಬಂದ ಹಾಗೆ ಬೈದೆ, ಅಲ್ಲಿಗೆ ಮುಗೀತು. ಮಾರನೇ ದಿನ ಇಬ್ಬರೂ ಒಟ್ಟಿಗೆ ಚಹಾ ಕುಡಿದ್ವಿ."

"ಯಾರಿಗೆ ಎಷ್ಟು ಓಟು?"

"ಹನ್ನೊಂದು ಜನ. ಅವನಿಗೆ ಏಳು, ನಂಗೆ ನಾಲ್ಕು."

"ಅವನ ಅಣ್ಣನೂ ತಂಡದಲ್ಲಿದ್ದಾನಲ್ಲ. ಅವನು ನಿಲ್ಲಲಿಲ್ವಾ?"

ಫೋಟೋಗ್ರಾಫರ್ ಬಂಡೆಯ ಕಡೆ ನೋಡಿದ. "ಇಲ್ಲ. ತಂಡ ಕಟ್ಟಿದ್ದೇ ಅವನು. ಆದರೆ ಯಾರೂ ಅವನ ಹೆಸರು ಎತ್ತಲಿಲ್ಲ. ತಮ್ಮ ಗೆದ್ದಾಗ ಮೊದಲು ಚಪ್ಪಾಳೆ ತಟ್ಟಿದ್ದು ಅವನೇ."

"ರಾತ್ರಿ ಟೆಂಟಿನಲ್ಲಿ ಶೂ ಎಲ್ಲಿಡ್ತಿದ್ರಿ?"

"ನಾವೆಲ್ಲ ಹೊರಗೆ. ಅವನೊಬ್ಬ ಮಾತ್ರ ಮಲಗೋ ಚೀಲದ ಒಳಗೇ. ಹೊರಗಿಟ್ಟರೆ ಬೆಳಿಗ್ಗೆ ತಣ್ಣಗಿರುತ್ತೆ ಅಂತ. ಅದಕ್ಕೇ ಎಲ್ಲರೂ ರೇಗಿಸ್ತಿದ್ವಿ."

ಹಾಗಾದರೆ ಕತ್ತರಿಸಿದ್ದು ಬೆಟ್ಟದ ಮೇಲಲ್ಲ. ಇನ್ಸ್‌ಪೆಕ್ಟರ್ ಕ್ಯಾಮೆರಾ ತರಿಸಿಕೊಂಡು ಶನಿವಾರದ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. 10.12ರ ಚಿತ್ರದಲ್ಲಿ ಅಣ್ಣ ಬ್ಯಾಗು ಬಿಚ್ಚಿ ನೀರಿನ ಬಾಟಲಿ ತೆಗೆಯುತ್ತಿದ್ದ. ಬ್ಯಾಗಿನೊಳಗೆ ಒಂದು ಜೊತೆ ಹಳೇ ಶೂ ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದರೆ ಶೂ ನಾಲಿಗೆಯ ಮೇಲಿನ ಸೈಜಿನ ಅಂಕಿಯೂ ಓದಲು ಸಿಗುತ್ತಿತ್ತು.

ಬುಧವಾರ 11.30, ಆಸ್ಪತ್ರೆ. ತಮ್ಮ ಮಲಗಿದ್ದಲ್ಲೇ ಹೇಳಿಕೆ ಕೊಟ್ಟ. ಹೊರಡುವ ಮುಂಚೆ ಶೂಗೆ ಮೇಣ ಹಚ್ಚಿ ಎರಡು ದಿನ ಮನೆಯಲ್ಲೇ ಒಣಗಲು ಇಟ್ಟಿದ್ದನಂತೆ. ಮನೆಯಲ್ಲಿ ಇರುವುದು ಮೂರೇ ಜನ. "ನಂಗೆ ಯಾರೂ ಆಗದವರಿಲ್ಲ ಮೇಡಂ. ಅವತ್ತು ಬಂಡೆ ಕೆಳಗೆ ಮೊದಲು ಇಳಿದು ಬಂದಿದ್ದು ನಮ್ಮಣ್ಣ. ಅವನ ಕೈಯೆಲ್ಲ ತರಚಿ ರಕ್ತ."

ಅಣ್ಣ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದ. ಇಪ್ಪತ್ತೇಳು ವರ್ಷ, ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ. ಶನಿವಾರದಿಂದ ಅಲ್ಲೇ ಇದ್ದಾನೆಂದು ನರ್ಸ್ ಹೇಳಿದ್ದಳು. ಎರಡೂ ಅಂಗೈಗೆ ಬ್ಯಾಂಡೇಜ್ ಇತ್ತು. ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕೂತಳು.

"ನಿಮ್ಮ ಶೂ ಸೈಜ್ ಎಷ್ಟು?"

"ಹತ್ತು."

"ನಿಮ್ಮ ತಮ್ಮಂದು?"

"ಎಂಟು."

"ಶನಿವಾರ ನಿಮ್ಮ ಬ್ಯಾಗಲ್ಲಿ ಎಂಟನೇ ಸೈಜಿನ ಹಳೇ ಶೂ ಯಾಕಿತ್ತು?"

ಅವನು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಔಷಧಿ ಗಾಡಿಯೊಂದು ಎದುರಿಂದ ದಾಟಿಹೋಯಿತು.

"ತಮ್ಮ ಕೇಳಿದ್ನಾ ತರೋಕೆ?"

"ಇಲ್ಲ."

"ಮತ್ತೆ? ಅವನ ಶೂ ಕಿತ್ತುಹೋಗುತ್ತೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತಿತ್ತು?"

ಅಣ್ಣ ಬ್ಯಾಂಡೇಜ್ ಸುತ್ತಿದ ಕೈಗಳನ್ನು ಮಂಡಿ ಮೇಲಿಟ್ಟುಕೊಂಡು ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಹೇಳಿದ. "ಬಂಡೆ ಹತ್ರ ಬರೋದ್ರೊಳಗೆ, ಹುಲ್ಲಿನ ದಾರೀಲೇ ಕಿತ್ತುಹೋಗುತ್ತೆ ಅಂದ್ಕೊಂಡಿದ್ದೆ. ಹಳೇ ಶೂ ಹಾಕ್ಕೊಂಡು ಯಾರ ಜೊತೆಗಾದರೂ ವಾಪಸ್ ಇಳೀಲಿ ಅಂತ. ಅವು ಸವೆದಿದ್ವು, ಬಂಡೆ ಹತ್ತೋಕೆ ಆಗ್ತಿರಲಿಲ್ಲ. ಆಗ ಉಳಿದವರನ್ನ ನಾನು ಕರ್ಕೊಂಡು ಹೋಗ್ತಿದ್ದೆ. ಒಂದೇ ಒಂದು ದಿನ. ಬಂಡೆ ಬಂದಾಗ ಕೂಗಿ ನಿಲ್ಲಿಸಬೇಕು ಅಂದ್ಕೊಂಡೆ. ಏನಂತ ಕೂಗ್ಲಿ ಮೇಡಂ? ಬಾಯೇ ಬರಲಿಲ್ಲ."

12.40ಕ್ಕೆ ದಸ್ತಗಿರಿ. ಮಧ್ಯಾಹ್ನ ಟೈಲರಿಂಗ್ ಅಂಗಡಿಯ ಮಿಷನ್ ಡ್ರಾಯರ್‌ನಿಂದ ಕೊಕ್ಕೆಯನ್ನು ಪಂಚರ ಮುಂದೆ ವಶಪಡಿಸಿಕೊಳ್ಳಲಾಯಿತು. ಅದರ ಸಂದಿಯಲ್ಲಿ ಮೇಣ ಅಂಟಿತ್ತು.

ಸಂಜೆ ಐದಕ್ಕೆ ತಾಯಿ ಠಾಣೆಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ದೂರು ವಾಪಸ್ ತಗೋಬಹುದಾ ಎಂದು ಒಮ್ಮೆ ಕೇಳಿದಳು. ಆಗುವುದಿಲ್ಲ ಎಂದಾಗ ತಲೆಯಾಡಿಸಿದಳು.

"ಯಾಕಂತೆ ಮೇಡಂ? ಎತ್ತಿ ಆಡಿಸಿದ ತಮ್ಮ ಅದು."

ಇನ್ಸ್‌ಪೆಕ್ಟರ್ ಫೈಲು ಮುಚ್ಚಿ ಪಕ್ಕಕ್ಕಿಟ್ಟಳು. "ಚಿಕ್ಕವನು ಲೀಡರ್ ಆದಾಗ ನೀವು ಅವನಿಗೊಂದು ಜಾಕೆಟ್ ಹೊಲಿದು ಕೊಟ್ರಂತೆ. ಎದೆ ಮೇಲೆ ತಂಡದ ಹೆಸರು ಕಸೂತಿ ಹಾಕಿ."

"ಹೌದು. ಎರಡು ದಿನ ಅಂಗಡಿ ಮುಚ್ಚಿ ಹೊಲಿದೆ."

"ಐದು ವರ್ಷದ ಹಿಂದೆ ತಂಡ ಶುರು ಮಾಡಿದಾಗ ದೊಡ್ಡವನು ಅಂಥದ್ದೇ ಒಂದು ಕೇಳಿದ್ನಂತೆ. ಬಟ್ಟೆನೂ ತಂದುಕೊಟ್ಟಿದ್ನಂತೆ. ಪುರುಸೊತ್ತಿಲ್ಲ ಹೋಗೋ ಅಂದ್ರಂತೆ ನೀವು."

ತಾಯಿ ಬಹಳ ಹೊತ್ತು ಗೋಡೆ ನೋಡುತ್ತ ಯೋಚಿಸಿದಳು. ಆ ದಿನವನ್ನು, ಆ ಬಟ್ಟೆಯ ಬಣ್ಣವನ್ನು ಹುಡುಕುತ್ತಿರುವವಳ ಹಾಗೆ ಅವಳ ತುಟಿ ಅಲುಗುತ್ತಿತ್ತು.

"ಕೇಳಿದ್ನಾ?" ಎಂದಳು ಕೊನೆಗೆ. "ನಂಗೆ ನೆನಪೇ ಇಲ್ಲ ಮೇಡಂ."